ಇಗರ್ಜಿ ಒಳಗಿನ ಫೋಟೊ: ಬಣ್ಣವೋ, ಕಪ್ಪು-ಬಿಳುಪೋ?

ಕುಡ್ಲದ_ಕಿಟಕಿ
ದಕ್ಷಿಣ ಕನ್ನಡದ ಒಂದು ಹಳೇ ಇಗರ್ಜಿ, ಅಂದರೆ ಚರ್ಚು. ಸ್ಮರಣ ಸಂಚಿಕೆಗೆ ಒಳಾಂಗಣದ 20 ಫೋಟೊ ಬೇಕು. ಒಟ್ಟು 64 ಪುಟ, ಅದರಲ್ಲಿ 16 ಪುಟಕ್ಕೆ ಮಾತ್ರ ಬಣ್ಣ, ಉಳಿದದ್ದೆಲ್ಲ ಕಪ್ಪು ಶಾಯಿ. ಸಮಿತಿಯಲ್ಲಿ ಎರಡು ಪಂಗಡ. ಹಿರಿಯರಿಗೆ ಎಲ್ಲ ಕಲರ್ ಬೇಕು, ಯುವಕರಿಗೆ ಎಲ್ಲ ಕಪ್ಪು-ಬಿಳುಪು ಬೇಕು, "ಕ್ಲಾಸ್ ಆಗಿ ಕಾಣ್ತದೆ" ಅಂತ.

ಒಳಗೆ ಹೀಗುಂಟು: ಬಿಳಿ ಗೋಡೆ, ರೆಡ್ ಆಕ್ಸೈಡ್ ನೆಲ, ಎಡಬಲ ಆರಾರು ಕಿಟಕಿ, ಬಲಿಪೀಠದ ಹಿಂದೆ ಮೂರು ಬಣ್ಣದ ಗಾಜಿನ ಕಿಟಕಿ. ಪೀಠಕ್ಕೆ ಹಳದಿ ಸ್ಪಾಟ್ ಲೈಟು, ನಡುವೆ ಬಿಳಿ ಎಲ್‌ಇಡಿ ಟ್ಯೂಬು, ಮೂರ್ತಿಯ ಸುತ್ತ ಬಣ್ಣ ಬದಲಾಯಿಸುವ ಲೈಟಿನ ಪಟ್ಟಿ. ಕ್ಯಾಮೆರಾ 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್, ಲೆನ್ಸ್ 16-35 ಎಫ್/4, ಟ್ರೈಪಾಡ್ ಉಂಟು, ಧರ್ಮಗುರುಗಳ ಅನುಮತಿಯೂ ಉಂಟು. ಕಲರಿನಲ್ಲಿ ಗೋಡೆ ಅರ್ಧ ಹಳದಿ, ಅರ್ಧ ನೀಲಿ ಬರ್ತದೆ. ಸೀದಾ ಕಪ್ಪು-ಬಿಳುಪು ಮಾಡಿಬಿಟ್ಟರೆ ತಲೆನೋವು ಮುಗೀತಲ್ಲ?

ಗ್ರೇನ್‌ಪ್ರಿಯ
ಮುಗೀತು. ಮಾಡಿ. ಕಮಾನು, ಕಂಬ, ಬೆಳಕು ಇಷ್ಟೇ ಇಗರ್ಜಿ. ಬಣ್ಣ ಬಂದ ಕೂಡಲೇ ಕಣ್ಣು ಹೋಗೋದು ಪ್ಲಾಸ್ಟಿಕ್ ಹೂವಿಗೆ, ಸ್ಪೀಕರ್ ಬಾಕ್ಸಿಗೆ, ಫ್ಯಾನಿಗೆ.

ಹಿಸ್ಟೋಗ್ರಾಮ್_ಹೆಗಡೆ
ಮುಗಿಯೋದಿಲ್ಲ ಮಾರಾಯ್ರೆ. ಕಪ್ಪು-ಬಿಳುಪು ಮಾಡಿದರೆ ಹಳದಿ-ನೀಲಿ ಜಗಳ ಹೋಗ್ತದೆ, ಬೆಳಕಿನ ಹೆಚ್ಚುಕಮ್ಮಿ ಹೋಗೋದಿಲ್ಲ. ಟ್ಯೂಬಿನ ಕೆಳಗೆ ಗೋಡೆ ಬಿಳಿಚಿಕೊಂಡಿದ್ದರೆ ಕಪ್ಪು-ಬಿಳುಪಿನಲ್ಲೂ ಬಿಳಿಚಿಕೊಂಡೇ ಇರ್ತದೆ. ಕಲರಿನಲ್ಲಿ ಕನಿಷ್ಠ "ಓ, ಅದು ಟ್ಯೂಬ್ ಲೈಟು" ಅಂತ ನೋಡುವವರಿಗೆ ತಿಳೀತದೆ. ಬೂದುಬಣ್ಣದಲ್ಲಿ ಅದು ಬರೀ ಕಲೆ.

ಮೊದಲು ಅಳತೆ ನೋಡಿ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಲೆನ್ಸಿನ ತೆರಪು ಎಫ್/8 ಇಟ್ಟುಕೊಂಡರೆ ಇಂಥ ಇಗರ್ಜಿಯಲ್ಲಿ ಮೋಡದ ದಿನ ಸಾಮಾನ್ಯವಾಗಿ ಬರುವ ಶಟರ್ ಸಮಯ: ಬಣ್ಣದ ಗಾಜಿಗೆ 1/8 ಸೆಕೆಂಡ್, ಬಿಳಿ ಗೋಡೆಗೆ 2 ಸೆಕೆಂಡ್, ಹಿಂದೆ ಗಾಯನ ಮಂಡಳಿ ಕೂರುವ ಅಟ್ಟದ ಕೆಳಗೆ 8ರಿಂದ 16. ಗಾಜಿಗೂ ಅಟ್ಟದ ಕತ್ತಲಿಗೂ ಏಳು ಸ್ಟಾಪ್ ಅಂತರ (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು). ಬಿಸಿಲು ನೇರ ಗಾಜಿಗೆ ಬಿದ್ದರೆ ಇನ್ನೂ ಮೂರು ಸೇರಿಸಿಕೊಳ್ಳಿ. ನಿಜವಾದ ತಲೆನೋವು ಇದು. ಬಣ್ಣ ತೆಗೆದರೆ ಇದರಲ್ಲಿ ಒಂದು ಸ್ಟಾಪೂ ಕಮ್ಮಿ ಆಗೋದಿಲ್ಲ.

ಗ್ರೇನ್‌ಪ್ರಿಯ
ಏಳು ಸ್ಟಾಪ್ ಫಿಲ್ಮಿಗೆ ಏನೂ ಅಲ್ಲ ಸ್ವಾಮಿ.

ಹಿಸ್ಟೋಗ್ರಾಮ್_ಹೆಗಡೆ
ಪ್ರಶ್ನೆ ಕೇಳಿದವರ ಹತ್ತಿರ ಇರೋದು ಡಿಜಿಟಲ್ ಸ್ವಾಮಿ.

ಬೆಂಚು_ನಂ_3
ಒಂದು ವಿಷಯ ಯಾರೂ ಹೇಳ್ತಾ ಇಲ್ಲ. ಇಗರ್ಜಿಯಲ್ಲಿ ಬಣ್ಣ ಅಲಂಕಾರ ಅಲ್ಲ, ಅದು ಒಂದು ಭಾಷೆ. ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ) ಪೆಟ್ಟಿಗೆಯ ಹತ್ತಿರ ಉರಿಯುವ ಸಣ್ಣ ಕೆಂಪು ದೀಪ ನೋಡಿ. "ಒಳಗೆ ಪ್ರಸಾದ ಉಂಟು" ಅಂತ ಅದರ ಅರ್ಥ. ಒಳಗೆ ಬಂದ ಕಥೋಲಿಕರ ಕಣ್ಣು ಮೊದಲು ಹುಡುಕೋದು ಅದನ್ನೇ. ಕಪ್ಪು-ಬಿಳುಪು ಮಾಡಿ ನೋಡಿ, ಅದು ಹಿತ್ತಾಳೆ ಹೂದಾನಿ, ಮೇಣದಬತ್ತಿ, ಸ್ವಿಚ್ ಬೋರ್ಡಿನ ಇಂಡಿಕೇಟರ್ ಎಲ್ಲದರ ಜೊತೆ ಒಂದು ಬೂದು ಚುಕ್ಕೆ.

ಪೀಠದ ವಸ್ತ್ರ, ಗುರುಗಳ ಉಡುಪು ಕೂಡ ಹಾಗೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ನೇರಳೆ, ಕ್ರಿಸ್ಮಸ್-ಈಸ್ಟರಿಗೆ ಬಿಳಿ, ಸಾಧಾರಣ ಕಾಲದಲ್ಲಿ ಹಸಿರು, ಪವಿತ್ರಾತ್ಮರ ಹಬ್ಬವಾದ ಪೆಂತೆಕೋಸ್ತಿಗೆ ಕೆಂಪು. ಕಲರ್ ಫೋಟೊ ನೋಡಿದರೆ ವರ್ಷದ ಯಾವ ಹೊತ್ತು ಅಂತ ಅಂದಾಜು ಹೇಳಬಹುದು. ನೇರಳೆಯೂ ಹಸಿರೂ ಒಂದೇ ಬೂದಾದರೆ ಸ್ಮರಣ ಸಂಚಿಕೆಯಲ್ಲಿ ಸ್ಮರಣೆ ಎಲ್ಲಿ ಉಳೀತು?

ಧಾರವಾಡದ_ಶಟರ್
ಇದು ಖರೇ ಅದ ನೋಡ್ರಿ. ಆ ದೀಪ ಕೆಂಪೇ ಇರಬೇಕಂತ ನಿಯಮ ಅದ ಏನ್ರಿ?

ಬೆಂಚು_ನಂ_3
ಇಲ್ಲ. ದೀಪ ಸದಾ ಉರೀತಾ ಇರಬೇಕು ಅಂತ ನಿಯಮ, ಕೆಂಪು ವಾಡಿಕೆ. ಬಿಳಿ ಗಾಜಿನದ್ದೂ ಇರ್ತದೆ. ಶುಭ ಶುಕ್ರವಾರ ಪೆಟ್ಟಿಗೆ ಖಾಲಿ, ಬಾಗಿಲು ತೆರೆದಿರ್ತದೆ, ದೀಪ ಆರಿರ್ತದೆ. ಪೀಠದ ಮೇಲೆ ವಸ್ತ್ರವೂ ಇಲ್ಲ.

ಗ್ರೇನ್‌ಪ್ರಿಯ
ಹಾಗಾದರೆ ಶುಭ ಶುಕ್ರವಾರ ಕಪ್ಪು-ಬಿಳುಪಿನ ದಿನ. ಒಪ್ಪಿದಿರಲ್ಲ?

ಬೆಂಚು_ನಂ_3
ಗುರುಗಳ ಉಡುಪು ಅವತ್ತು ಕೆಂಪು ಮಾರಾಯ್ರೆ. 😄 ಖಾಲಿ ಪೀಠಕ್ಕೆ ಮಾತ್ರ ಒಪ್ಪಿದೆ.

ಪ್ರೆಸ್_ಪಕ್ಕದವ
ಕ್ಯಾಮೆರಾಕ್ಕಿಂತ ಮೊದಲು ಪ್ರೆಸ್ಸಿನ ಮಾತು. 64ರಲ್ಲಿ 16 ಪುಟ ಕಲರ್ ಅಂದರೆ ಬಹುಶಃ ಒಂದೇ ಫಾರಮ್ಮು (ಒಂದೇ ದೊಡ್ಡ ಹಾಳೆಯಲ್ಲಿ ಹೊಡೆದು ಮಡಚುವ ಪುಟಗಳ ಕಟ್ಟು), ಒಟ್ಟಿಗೆ ಬರ್ತದೆ. ಯಾವ ಫೋಟೊ ಎಲ್ಲಿ ಅನ್ನೋದು ನಿಮ್ಮ ಇಷ್ಟದ ಮೇಲೆ ಅಲ್ಲ, ಫಾರಮ್ಮು ಮಡಚುವ ಮೇಲೆ ನಿಂತಿರ್ತದೆ. ಮೊದಲು ಅವರ ಹತ್ತಿರ ಡಮ್ಮಿ, ಅಂದರೆ ಯಾವ ಪುಟ ಎಲ್ಲಿ ಅಂತ ತೋರಿಸುವ ಖಾಲಿ ಮಾದರಿ, ತಗೊಳ್ಳಿ.

ಎರಡನೆಯದು, ಬಣ್ಣದ ಗಾಜಿನ ಕಡುನೀಲಿ. ಸ್ಕ್ರೀನಿನಲ್ಲಿ ಹೊಳೆಯುವ ಆ ನೀಲಿ ಮುದ್ರಣದ ನಾಲ್ಕು ಶಾಯಿಯಲ್ಲಿ (ಸಯಾನ್, ಮೆಜೆಂಟಾ, ಹಳದಿ, ಕಪ್ಪು) ಬರೋದೇ ಇಲ್ಲ. ನೇರಳೆಗೆ ತಿರುಗ್ತದೆ, ಇಲ್ಲಾಂದ್ರೆ ಮಂಕಾಗ್ತದೆ. ಸಾಫ್ಟ್ ಪ್ರೂಫ್ (ಮುದ್ರಣದಲ್ಲಿ ಹೇಗೆ ಬರ್ತದೆ ಅಂತ ಸ್ಕ್ರೀನಿನಲ್ಲೇ ತೋರಿಸುವುದು) ಹಾಕಿ ಮೊದಲೇ ನೋಡಿಕೊಳ್ಳಿ. ನೀಲಿಯಲ್ಲಿ ಮೆಜೆಂಟಾ ಸ್ವಲ್ಪ ಇಳಿಸಿದರೆ ನೇರಳೆ ಛಾಯೆ ಹೋಗ್ತದೆ.

ಮೂರನೆಯದು, ಕಪ್ಪು ಶಾಯಿ ಒಂದರಲ್ಲೇ ಹೊಡೆದ ಕಪ್ಪು-ಬಿಳುಪು ಫೋಟೊ ಯುವಕರು ಅಂದುಕೊಂಡ "ಕ್ಲಾಸ್" ಅಲ್ಲ. ನುಣುಪಿಲ್ಲದ ಕಾಗದದಲ್ಲಿ ಚುಕ್ಕೆ ಹರಡಿ ನೆರಳೆಲ್ಲ ಮಸಿ ಆಗ್ತದೆ. ಕಂಬದ ಹಿಂದಿನ ವಿವರ ಬೇಕಿದ್ದರೆ ಸ್ಕ್ರೀನಿನಲ್ಲಿ "ಇಷ್ಟು ತಿಳಿಯಾಯ್ತಲ್ಲ" ಅನ್ನಿಸುವಷ್ಟು ನೆರಳು ಎತ್ತಿ ಕೊಡಿ. ಅದೇ ಕಪ್ಪು-ಬಿಳುಪನ್ನು ಕಲರ್ ಫಾರಮ್ಮಿನಲ್ಲಿ ನಾಲ್ಕೂ ಶಾಯಿ ಸೇರಿಸಿ ಹೊಡೆದರೆ ಆಳ ಬರ್ತದೆ, ಆದರೆ ಶಾಯಿ ಒಂಚೂರು ಏರುಪೇರಾದರೂ ಹಸಿರು ಇಲ್ಲವೇ ಗುಲಾಬಿ ಛಾಯೆ ಅಂಟಿಕೊಳ್ತದೆ. ಪೂರ್ತಿ ಪುಟಕ್ಕೆ ಎ4 ಅಂದರೆ 2480 ಇಂಟು 3508 ಪಿಕ್ಸೆಲ್, 24 ಮೆಗಾಪಿಕ್ಸೆಲ್ ಧಾರಾಳ ಸಾಕು.

ಕುಡ್ಲದ_ಕಿಟಕಿ
ಡಮ್ಮಿ ಕೇಳುವುದು ಹೊಳೆದೇ ಇರಲಿಲ್ಲ. ಹಾಗಾದರೆ ಸುಮಾರು 14 ಫೋಟೊ ಕಪ್ಪು ಶಾಯಿಯಲ್ಲೇ ಹೋಗ್ತದೆ. ಈಗ ಪ್ರಶ್ನೆ, ಕ್ಯಾಮೆರಾದಲ್ಲೇ ಮಾನೊಕ್ರೋಮ್ ಮೋಡಿಗೆ ಹಾಕಿ ತೆಗೆಯುವುದಾ, ಆಮೇಲೆ ಬದಲಾಯಿಸುವುದಾ?

ಮೈಸೂರ್_ಮಬ್ಬು
ರಾ ಫೈಲ್ (ಸೆನ್ಸರ್ ಹಿಡಿದ ಮೂಲ ಮಾಹಿತಿ) ತೆಗೀರಿ, ಪ್ರಿವ್ಯೂ ಮಾತ್ರ ಮಾನೊಕ್ರೋಮ್ ಇಟ್ಕೊಳ್ಳಿ. ಪರದೆ ಮೇಲೆ ಬೂದಾಗಿ ಕಾಣುತ್ತೆ, ಕಮಾನು-ಗೆರೆ ಜೋಡಿಸೋಕೆ ಸುಲಭ. ರಾ ಫೈಲಿನಲ್ಲಿ ಬಣ್ಣ ಹಾಗೇ ಉಳಿದಿರುತ್ತೆ.

ಹಿಸ್ಟೋಗ್ರಾಮ್_ಹೆಗಡೆ
ಇದರಲ್ಲಿ ಒಂದು ಗುಂಡಿ ಉಂಟು, ತುಂಬ ಜನ ಬೀಳ್ತಾರೆ. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟುಂಟು ಅಂತ ಹೇಳುವ ನಕ್ಷೆ) ರಾ ಫೈಲಿನದ್ದಲ್ಲ, ಪ್ರಿವ್ಯೂ ಜೆಪೆಗಿನದ್ದು. ಮಾನೊಕ್ರೋಮ್ ಇಟ್ಟರೆ ಮೂರೂ ಬಣ್ಣ ಸೇರಿಸಿ ಒಂದೇ ಗೆರೆ. ಸಾಮಾನ್ಯ ಲೆಕ್ಕದಲ್ಲಿ ಅದರೊಳಗೆ ಕೆಂಪಿನ ಪಾಲು ಸುಮಾರು 30, ಹಸಿರು 59, ನೀಲಿ ಬರೀ 11. ಅಂದರೆ ಗಾಜಿನ ನೀಲಿ ಪೂರ್ತಿ ಸುಟ್ಟುಹೋಗಿದ್ದರೂ (ಬೆಳಕು ಹೆಚ್ಚಾಗಿ ವಿವರ ಅಳಿಸಿಹೋಗಿದ್ದರೂ) ಗೆರೆ ಎಡಕ್ಕೇ ಕೂತಿರ್ತದೆ, "ಇನ್ನೂ ಜಾಗ ಉಂಟು" ಅಂತ ನೀವು ಎಕ್ಸ್‌ಪೋಶರ್ ಏರಿಸ್ತೀರಿ. ಮನೆಗೆ ಬಂದು ನೋಡಿದರೆ ಮೇರಿಯಮ್ಮನ ನೀಲಿ ಮೇಲುವಸ್ತ್ರದಲ್ಲಿ ಮಡಿಕೆ ಒಂದೂ ಇಲ್ಲ, ಚಪ್ಪಟೆ ನೀಲಿ ತೇಪೆ.

ಹಾಗಾಗಿ ಫ್ರೇಮ್ ಜೋಡಿಸಲಿಕ್ಕೆ ಮಾನೊಕ್ರೋಮ್, ಎಕ್ಸ್‌ಪೋಶರ್ ನೋಡಲಿಕ್ಕೆ ಕಲರ್, ಅದೂ ಕೆಂಪು-ಹಸಿರು-ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್. ಗಾಜಿಗಾಗಿ ತೆಗೆಯುವ ಫ್ರೇಮನ್ನು ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಕಡಿಮೆಯದ್ದೂ ಇಟ್ಟುಕೊಳ್ಳಿ.

ಗ್ರೇನ್‌ಪ್ರಿಯ
ಇದಕ್ಕೇ ಮಾನೊಕ್ರೋಮ್ ಸೆನ್ಸರಿನ ಕ್ಯಾಮೆರಾ ಇರೋದು. ಲೈಕಾ 2012ರಲ್ಲೇ ಮಾಡಿತು, ಪೆಂಟ್ಯಾಕ್ಸ್ 2023ರಲ್ಲಿ. ಸೆನ್ಸರಿನ ಮೇಲೆ ಬಣ್ಣ ಬೇರ್ಪಡಿಸೋ ಜಾಲರಿಯೇ ಇಲ್ಲ, ಕತ್ತಲಲ್ಲಿ ಚೊಕ್ಕವಾಗಿ ಬರುತ್ತೆ.

ಹಿಸ್ಟೋಗ್ರಾಮ್_ಹೆಗಡೆ
ಚೊಕ್ಕ ಹೌದು. ಆದರೆ ಸಾಮಾನ್ಯ ಸೆನ್ಸರಿನಲ್ಲಿ ಒಂದು ಬಣ್ಣ ಸುಟ್ಟರೆ ಉಳಿದೆರಡರಿಂದ ಸ್ವಲ್ಪ ವಾಪಸ್ ತರಬಹುದು, ಅದರಲ್ಲಿ ಸುಟ್ಟದ್ದು ಸುಟ್ಟಿತು. ಬಣ್ಣದ ಗಾಜನ್ನು ಬೇರೆ ಬೇರೆ ಬೂದು ಮಾಡಬೇಕೆಂದರೆ ಲೆನ್ಸಿನ ಮುಂದೆ ಫಿಲ್ಟರ್ ಹಾಕಿಯೇ ತೀರಬೇಕು. ಮನೆಗೆ ಬಂದು ಮನಸ್ಸು ಬದಲಾಯಿಸೋ ಹಾಗಿಲ್ಲ.

ಧಾರವಾಡದ_ಶಟರ್
ಬ್ಯಾರೆ ಬ್ಯಾರೆ ಬೂದು ಅಂದ್ರ?

ಹಿಸ್ಟೋಗ್ರಾಮ್_ಹೆಗಡೆ
ಮೇಲಿನ ಲೆಕ್ಕ ಹಿಡಿದೇ ನೋಡಿ. 255ಕ್ಕೆ ಕೆಂಪು 200 ಇರುವ ಗಾಜಿನ ಚೂರು ಬೂದಿನಲ್ಲಿ 60. ಹಸಿರು 102 ಇರುವ ಪಕ್ಕದ ಚೂರೂ 60. ಕಣ್ಣಿಗೆ ಕೆಂಪು-ಹಸಿರು ಬಡಿದಾಡ್ತಾ ಇರ್ತವೆ, ಬೂದಿನಲ್ಲಿ ಎರಡೂ ಒಂದೇ. ನಡುವಿನ ಸೀಸದ ಪಟ್ಟಿ ಮಾತ್ರ ಉಳಿದು ಸಂತರ ಮುಖ ಒಡೆದ ಹಂಚಿನ ಹಾಗೆ ಕಾಣ್ತದೆ. ಎಡಿಟಿಂಗ್ ತಂತ್ರಾಂಶದ ಚಾನೆಲ್ ಮಿಕ್ಸರಿನಲ್ಲಿ ಕೆಂಪಿನ ಪಾಲು ಏರಿಸಿದರೆ ಎರಡೂ ಬೇರೆಯಾಗ್ತವೆ. ನೀಲಿಯನ್ನು ಮಾತ್ರ ಕೊನೆತನಕ ಎಳೀಬೇಡಿ, ಆ ಚಾನೆಲ್ಲಿನಲ್ಲೇ ಎಲ್ಲಕ್ಕಿಂತ ಹೆಚ್ಚು ನಾಯ್ಸ್. ಹಳದಿ ದೀಪದ ಕೆಳಗಂತೂ ನೀಲಿಗೆ ಸಿಗುವ ಬೆಳಕೇ ಕಮ್ಮಿ, ಗೋಡೆ ತುಂಬ ಉಪ್ಪು-ಖಾರ ಉದುರಿಸಿದ ಹಾಗಾಗ್ತದೆ.

ಟ್ರೈಪಾಡ್_ಭಟ್ಟ
ಹಳದಿ-ನೀಲಿ ಗೋಡೆಗೆ ಮದ್ದು ಸುಲಭ ಉಂಟು, ಯಾಕೆ ಯಾರೂ ಹೇಳಲಿಲ್ಲ? ದೀಪಗಳನ್ನು ಬೇರೆ ಬೇರೆ ತೆಗೀರಿ.

ಟ್ರೈಪಾಡ್ ಗಟ್ಟಿ ನಿಲ್ಲಿಸಿ. ನುಣುಪು ನೆಲದಲ್ಲಿ ಕಾಲು ಜಾರ್ತದೆ, ರಬ್ಬರ್ ಬುಡ ಹಾಕಿ, ಬೆಂಚಿಗೆ ತಾಗಬಾರದು. ಫೋಕಸ್ ಮ್ಯಾನುವಲ್, ಎಫ್/8, 2 ಸೆಕೆಂಡ್ ಟೈಮರ್. ಮೊದಲು ಎಲ್ಲ ಲೈಟ್ ಆಫ್ ಮಾಡಿಸಿ ಕಿಟಕಿಯ ಬೆಳಕೊಂದರಲ್ಲೇ ಐದು ಫ್ರೇಮ್: 1/8, 1/2, 2, 8, 30 ಸೆಕೆಂಡ್. ಆಮೇಲೆ ಕ್ಯಾಮೆರಾ ಮುಟ್ಟದೆ ಪೀಠದ ಹಳದಿ ಸ್ಪಾಟ್ ಮಾತ್ರ ಆನ್ ಮಾಡಿಸಿ ಒಂದೆರಡು ಫ್ರೇಮ್. ಇದನ್ನು ಆದಷ್ಟು ಸಂಜೆ ಕತ್ತಲಾದ ಮೇಲೆ ತೆಗೆದರೆ ಕಿಟಕಿ ಬೆಳಕು ಬೆರೆಯೋದಿಲ್ಲ, ಆದರೆ ಅಲ್ಲಿ ತನಕ ಟ್ರೈಪಾಡ್ ಅಲುಗಬಾರದು. ಬಿಳಿ ಟ್ಯೂಬನ್ನು ಆನ್ ಮಾಡಲೇಬೇಡಿ.

ಮನೆಯಲ್ಲಿ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿಹೊಂದಿಸುವ ಅಳತೆ) ಕಿಟಕಿಯ ಫ್ರೇಮಿಗೆ 5500 ಕೆಲ್ವಿನ್ ಆಸುಪಾಸು, ಸ್ಪಾಟಿನದ್ದಕ್ಕೆ 3000. ಎರಡನ್ನೂ ಪದರ ಮಾಡಿ ಮೇಲಿನದನ್ನು ಲೈಟನ್ ಮೋಡಿಗೆ (ಎರಡರಲ್ಲಿ ತಿಳಿಯಾದದ್ದನ್ನು ಮಾತ್ರ ಉಳಿಸುವುದು) ಹಾಕಿ. ಸ್ಪಾಟನ್ನು ಪೂರ್ತಿ ಬಿಳಿ ಮಾಡಬೇಡಿ, 3400ರ ಹತ್ತಿರ ನಿಲ್ಲಿಸಿದರೆ ಪೀಠಕ್ಕೆ ತುಸು ಬೆಚ್ಚಗಿನ ಬಣ್ಣ ಉಳೀತದೆ.

ಕೊನೆಯದು, ನೆಲ. ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದ ಬೆಳಕು ಗೋಡೆಯ ಕೆಳಭಾಗಕ್ಕೆ ಗುಲಾಬಿ ಎರಚ್ತದೆ. ಗೋಡೆ ಕೊಳೆಯಾಗಿದೆ ಅಂತ ಅದನ್ನು ಬಿಳಿ ಮಾಡ್ಲಿಕ್ಕೆ ಹೋಗಬೇಡಿ. ಆ ಗುಲಾಬಿ ಇದ್ದರೇ ಅದು ಕರಾವಳಿಯ ಇಗರ್ಜಿ.

ಮೈಸೂರ್_ಮಬ್ಬು
ಮೂರ್ತಿ ಸುತ್ತ ಬಣ್ಣ ಬದಲಾಯಿಸೋ ಪಟ್ಟಿ?

ಟ್ರೈಪಾಡ್_ಭಟ್ಟ
ಆಫ್. ಮಾತೇ ಇಲ್ಲ. 8 ಸೆಕೆಂಡಿನಲ್ಲಿ ಅದು ಏಳು ಬಣ್ಣವನ್ನೂ ಕಲಸಿ ಪಾಯಸ ಮಾಡ್ತದೆ.

ಧಾರವಾಡದ_ಶಟರ್
ಎಲ್‌ಇಡಿ ಇದ್ರ ಫೋಟೊದಾಗ ಅಡ್ಡಪಟ್ಟಿ ಬರ್ತಾವಂತಲ್ರಿ?

ಹಿಸ್ಟೋಗ್ರಾಮ್_ಹೆಗಡೆ
2 ಸೆಕೆಂಡಿನಲ್ಲಿ ಬರೋದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗ್ತದೆ. ಪೂಜೆ ನಡೆಯುವಾಗ ಕೈಯಲ್ಲಿ ಹಿಡಿದು 1/250ರಲ್ಲಿ ತೆಗೆದರೆ, ಅದೂ ಎಲೆಕ್ಟ್ರಾನಿಕ್ ಶಟರಿನಲ್ಲಿ, ಪಟ್ಟಿ ಗ್ಯಾರಂಟಿ. 1/50 ಅಥವಾ 1/100, ಮೆಕ್ಯಾನಿಕಲ್ ಶಟರ್. ಡಿಮ್ಮರ್ ಇದ್ದರೆ ಲೆಕ್ಕ ತಪ್ಪಬಹುದು, ಒಂದೆರಡು ತೆಗೆದು ನೋಡಿ. ಈ ಪಟ್ಟಿ ಕಪ್ಪು-ಬಿಳುಪು ಮಾಡಿದರೂ ಹೋಗೋದಿಲ್ಲ ಅಂತ ಗ್ರೇನ್‌ಪ್ರಿಯರಿಗೆ ನೆನಪಿಸ್ತೇನೆ.

ಗ್ರೇನ್‌ಪ್ರಿಯ
ನೆನಪಿದೆ, ನೆನಪಿದೆ. ಆದರೂ ಇಗರ್ಜಿ ಫೋಟೊ ಅಂದರೆ ಛಾಯಾಗ್ರಾಹಕ ಫ್ರೆಡರಿಕ್ ಇವಾನ್ಸ್. ಇಂಗ್ಲೆಂಡಿನ ವೆಲ್ಸ್ ಕೆಥೆಡ್ರಲ್ಲಿನ ಸವೆದ ಮೆಟ್ಟಿಲು, 1903, ಪ್ಲಾಟಿನಂ ಪ್ರಿಂಟ್. ಅಲೆ ಅಲೆಯಾಗಿ ಮೇಲಕ್ಕೆ ಹೋಗೋ ಕಲ್ಲು. ಅದಕ್ಕೆ ಬಣ್ಣ ಹಚ್ಚಿ ನೋಡೋಣ!

ಮೈಸೂರ್_ಮಬ್ಬು
ಇವಾನ್ಸ್ ಕಪ್ಪು-ಬಿಳುಪನ್ನು ಆರಿಸಿಕೊಂಡಿದ್ದಲ್ಲ ಕಣ್ರೀ, ಆಗ ಇದ್ದಿದ್ದೇ ಅದು. ಕೊಂಡು ಬಳಸೋ ಆಟೋಕ್ರೋಮ್ ಬಣ್ಣದ ಪ್ಲೇಟು ಅಂಗಡಿಗೆ ಬಂದಿದ್ದು 1907ರಲ್ಲಿ. ಅವರು ತೆಗೆದ ಕಟ್ಟಡಗಳ ಗೋಡೆಯೇ ಬೂದು ಕಲ್ಲು. ಅದನ್ನು ನೋಡಿ ನಾವು ಬಿಳಿ ಗೋಡೆ, ಕೆಂಪು ನೆಲ, ಆಕಾಶನೀಲಿ ಛಾವಣಿ ಇರೋ ಇಗರ್ಜಿಯನ್ನು ಬೂದು ಮಾಡೋದು ಯಾವ ನ್ಯಾಯ? ಆ ಯುರೋಪಿನ ಕಲ್ಲಿನ ಕೆಥೆಡ್ರಲ್ಲುಗಳ ಒಳಗೂ ಮಧ್ಯಯುಗದಲ್ಲಿ ಬಣ್ಣ ಬಳಿದಿರ್ತಿದ್ರು. ಬೂದು ಆಮೇಲೆ ಬಂದಿದ್ದು.

ಪ್ಯಾರಿಸ್ಸಿನ ಸೇಂತ್ ಶಾಪೆಲ್ ತಗೊಳ್ಳಿ, 1248ರದ್ದು. ಗೋಡೆಗಿಂತ ಗಾಜೇ ಜಾಸ್ತಿ. ಅದನ್ನು ಕಪ್ಪು-ಬಿಳುಪಲ್ಲಿ ತೆಗೆದರೆ ಉಳಿಯೋದು ಕಿಟಕಿಯ ಚೌಕಟ್ಟು. ಇತ್ತ ಜಪಾನಿನಲ್ಲಿ ವಾಸ್ತುಶಿಲ್ಪಿ ತಡಾವೊ ಆಂಡೊ ಕಟ್ಟಿದ, 1989ರ ಬೆಳಕಿನ ಚರ್ಚು: ಕಾಂಕ್ರೀಟು, ಗೋಡೆಯಲ್ಲಿ ಕೊರೆದ ಶಿಲುಬೆಯಾಕಾರದ ಸೀಳು. ಅಲ್ಲಿ ಕಲರ್ ಇಟ್ರೂ ಬಿಟ್ರೂ ದೊಡ್ಡ ವ್ಯತ್ಯಾಸ ಇಲ್ಲ.

ಬೆಂಚು_ನಂ_3
ಪ್ಯಾರಿಸ್ ಯಾಕೆ, ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ಇಲ್ಲವಾ? ಇಟಲಿಯ ಜೆಸ್ವಿಟ್ ಬ್ರದರ್ ಅಂಟೋನಿಯೊ ಮೊಸ್ಕೆನಿ ಗೋಡೆ-ಛಾವಣಿ ತುಂಬ ಚಿತ್ರ ಬಿಡಿಸಿದ್ದಾರೆ, 19ನೇ ಶತಮಾನ ಮುಗಿಯುವ ಹೊತ್ತಿಗೆ. ಅಲ್ಲಿ ಚಿತ್ರವೇ ಕಟ್ಟಡ. ಅದು ಕಲರೇ.

ಟ್ರೈಪಾಡ್_ಭಟ್ಟ
ಅಂಥಲ್ಲಿ ಅನುಮತಿ ಸಿಕ್ಕಿದರೂ ಫ್ಲ್ಯಾಶ್ ಬೇಡ. ಹಸಿ ಗಾರೆಯ ಮೇಲಿನ ಚಿತ್ರ ಮಿಂಚೋದಿಲ್ಲ, ಕ್ಯಾನ್ವಾಸಿನ ತೈಲಚಿತ್ರ ಮಿಂಚ್ತದೆ. ಕಿಟಕಿಯ ಪ್ರತಿಫಲನ ಬಿದ್ದ ಕಡೆ ಬಣ್ಣ ತೊಳೆದು ಹೋಗಿರ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ, ಆಗದಿದ್ದರೆ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್, ಒಂದೂವರೆಯಿಂದ ಎರಡು ಸ್ಟಾಪ್ ಕೊಡಬೇಕು. ಬಣ್ಣ ಸರಿಹೊಂದಿಸಲಿಕ್ಕೆ ಗ್ರೇ ಕಾರ್ಡನ್ನು (ಬೂದು ರಟ್ಟನ್ನು) ಚಿತ್ರದ ಪಕ್ಕದಲ್ಲೇ, ಅದೇ ಬೆಳಕಿನಲ್ಲಿ ಹಿಡಿಸಿ ಒಂದು ಫ್ರೇಮ್ ತೆಗೀರಿ. ನಿಮ್ಮ ಕಾಲಬುಡದಲ್ಲಿ ಹಿಡಿದರೆ ಪ್ರಯೋಜನ ಇಲ್ಲ.

ಹಾಸನದ_ಹೊಳೆ
ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚ್ ಬಗ್ಗೆ ಯಾರೂ ಮಾತಾಡ್ಲಿಲ್ವಲ್ಲ. ಹೇಮಾವತಿ ಹಿನ್ನೀರು, ಛಾವಣಿ ಇಲ್ಲದ ಒಳಾಂಗಣ. ಅದು ಕಪ್ಪು-ಬಿಳುಪೇ ತಾನೆ?

ಗ್ರೇನ್‌ಪ್ರಿಯ
ನೂರಕ್ಕೆ ನೂರು. ಗಾರೆ ಉದುರಿ ಇಟ್ಟಿಗೆ ಕಾಣ್ತಿರುತ್ತೆ, ಮೇಲೆ ಆಕಾಶ. ಫಿಲ್ಮಿನಲ್ಲಿ ಕೆಂಪು 25 ನಂಬರಿನ ಫಿಲ್ಟರ್ ಹಾಕಿ, ಮೂರು ಸ್ಟಾಪ್ ಜಾಸ್ತಿ ಕೊಡಿ. ನೀಲಿ ಆಕಾಶ ಕಪ್ಪಾಗಿ ಇಳಿಯುತ್ತೆ, ಇಟ್ಟಿಗೆ ತಿಳಿಯಾಗಿ ಮುಂದೆ ಬರುತ್ತೆ. ಮಳೆಗಾಲದ ಬಿಳಿ ಆಕಾಶಕ್ಕೆ ಮಾತ್ರ ಯಾವ ಫಿಲ್ಟರೂ ಕೆಲಸ ಮಾಡಲ್ಲ, ಆಗ ಆಕಾಶ ಫ್ರೇಮಿನಲ್ಲಿ ಕಮ್ಮಿ ಇರಲಿ.

ಛಾವಣಿ ಇರೋ ಕಡೆ ಫಿಲ್ಮ್ ಹಾಕೋರಿಗೆ: ಕಪ್ಪು-ಬಿಳುಪು ಫಿಲ್ಮ್ ಎಚ್‌ಪಿ5 ಪ್ಲಸ್ಸಿನಲ್ಲಿ ಮೀಟರ್ 2 ಸೆಕೆಂಡ್ ಅಂದರೆ 2.5 ಕೊಡಿ, 8 ಅಂದರೆ 15, 16 ಅಂದರೆ 38. ಉದ್ದ ಎಕ್ಸ್‌ಪೋಶರಿನಲ್ಲಿ ಫಿಲ್ಮ್ ಸೋಮಾರಿ ಆಗುತ್ತೆ, ನೆರಳಲ್ಲಿ ಜಾಸ್ತಿ ಸೋಮಾರಿ. ಹಾಗೆ ಸಮಯ ಏರಿಸಿದಾಗ ಕಿಟಕಿ ಮಿತಿಮೀರುತ್ತೆ, ಡೆವಲಪಿಂಗ್ ಸಮಯ 10ರಿಂದ 20 ಶೇಕಡಾ ಇಳಿಸಿ. ಇಷ್ಟು ಮಾಡದೆ "ಫಿಲ್ಮಿನಲ್ಲಿ ನೆರಳು ಬರಲಿಲ್ಲ" ಅಂತ ಬರೋರೇ ಜಾಸ್ತಿ.

ಹಾಸನದ_ಹೊಳೆ
ಬರೆದಿಟ್ಕೊಂಡೆ. ಮಳೆಗಾಲದಲ್ಲಿ ನೀರು ಏರಿದ್ರೆ ಒಳಗೆ ಕಾಲಿಡೋಕೂ ಆಗಲ್ಲ, ಅದನ್ನೂ ಹೇಳಿ.

ಧಾರವಾಡದ_ಶಟರ್
ಮೈಸೂರಿನ ಸಂತ ಫಿಲೋಮಿನಾ ಚರ್ಚ್ ಕಡೆ ಏನ್ರಿ? 1933ರಾಗ ಅಡಿಪಾಯ ಹಾಕಿದ್ದು ಅದು. ಒಳಗ ನಿಂತು ಕಮಾನು ತಗದ್ರ ಕಂಬ ಎಲ್ಲಾ ಒಳಗ ಬಾಗತಾವ.

ಮೈಸೂರ್_ಮಬ್ಬು
ಯಾವ ಎತ್ತರದ ಚರ್ಚಿಗೂ ಅದೇ ಗೋಳು. ಕ್ಯಾಮೆರಾ ಮೇಲಕ್ಕೆ ಎತ್ತಿದ್ರೆ ಕಂಬ ಬಾಗುತ್ತೆ. ಕ್ಯಾಮೆರಾ ನೆಟ್ಟಗೆ ಇಟ್ಟು, 16 ಎಂಎಂನಲ್ಲಿ ಲಂಬವಾಗಿ ತೆಗೆದು ಕೆಳಗಿನ ನೆಲ ಕತ್ತರಿಸಿ. ಒಳಗೆ ಮೊದಲು ಕೇಳದೆ ಕ್ಯಾಮೆರಾ ಎತ್ತಬೇಡಿ, ಯಾವ ಚರ್ಚಾದ್ರೂ.

ಬೆಂಚು_ನಂ_3
ಬಿಸಿಲಿನ ಬಗ್ಗೆ ಒಂದು ಮಾತು. ಗಾಜಿನಿಂದ ನೆಲಕ್ಕೆ ಬೀಳುವ ಬಣ್ಣದ ಚೌಕಗಳು ಕಲರಿನಲ್ಲಿ ಚಂದ. ಕಪ್ಪು-ಬಿಳುಪಿನಲ್ಲಿ ನೀರು ಚೆಲ್ಲಿದ ಹಾಗೆ. ಕಪ್ಪು ಪುಟದ ಫೋಟೊಗಳನ್ನು ಮೋಡದ ದಿನ ತೆಗೀರಿ.

ಕುಡ್ಲದ_ಕಿಟಕಿ
ಎಲ್ಲರಿಗೂ ಉಪಕಾರ. ಈಗ ಹೀಗೆ ಮಾಡ್ತೇನೆ: ಗಾಜಿನ ಕಿಟಕಿ ಮೂರು, ಕೆಂಪು ದೀಪ ಇರುವ ಪೀಠ, ಮೂರ್ತಿ, ಬಾಗಿಲಿನಿಂದ ಪೂರ್ತಿ ಒಳಾಂಗಣ, ಈ ಆರು ಕಲರ್ ಫಾರಮ್ಮಿಗೆ. ಪೀಠವನ್ನು ಭಟ್ಟರು ಹೇಳಿದ ಹಾಗೆ ದೀಪ ಬೇರೆ ಬೇರೆ ಮಾಡಿ ತೆಗೀತೇನೆ. ಕಮಾನು, ಬೆಂಚಿನ ಸಾಲು, ಅಟ್ಟದ ಮರದ ಮೆಟ್ಟಿಲು, ಪಾಪನಿವೇದನೆಯ ಮರದ ಗೂಡಿನ ಕೆತ್ತನೆ, ಇವೆಲ್ಲ ಮೋಡದ ದಿನ, ಕಪ್ಪು-ಬಿಳುಪು, ನೆರಳು ಎತ್ತಿ. ಎಲ್ಲವೂ ರಾ ಫೈಲಿನಲ್ಲಿ, ಕಲರ್ ಹಿಸ್ಟೋಗ್ರಾಮ್ ನೋಡಿಯೇ.

ಗ್ರೇನ್‌ಪ್ರಿಯ
ಬಾಗಿಲಿನಿಂದ ತೆಗೆಯೋದನ್ನಾದರೂ ಕಪ್ಪು-ಬಿಳುಪು ಮಾಡಿ.

ಬೆಂಚು_ನಂ_3
ನೆಲ ಕೆಂಪು ಉಂಟಲ್ಲ. ಬಿಡಿ ಮಾರಾಯ್ರೆ.

ಟ್ರೈಪಾಡ್_ಭಟ್ಟ
ಫ್ಯಾನ್ ಆಫ್ ಮಾಡಿಸಲಿಕ್ಕೆ ಮರೀಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ಎರಡು ಮೂರು ನಿಮಿಷ ತಿರುಗ್ತಾ ಇರ್ತವೆ, ಐದು ಫ್ರೇಮ್ ಜೋಡಿಸುವಾಗ ಒಂದೊಂದು ಫ್ಯಾನಿಗೆ ಹದಿನೈದು ರೆಕ್ಕೆ ಬರ್ತದೆ.

ಕುಡ್ಲದ_ಕಿಟಕಿ
ಒಟ್ಟು 22 ಫ್ಯಾನ್ ಉಂಟು. ಸ್ವಿಚ್ ಬೋರ್ಡಿನಲ್ಲಿ ಯಾವುದು ಯಾವುದರದ್ದು ಅಂತ ಯಾರಿಗೂ ಗೊತ್ತಿಲ್ಲ.

ಟ್ರೈಪಾಡ್_ಭಟ್ಟ
ಮೇನ್ ಇಳಿಸಿ. ಕಿಟಕಿ ಬೆಳಕಿನ ಐದೂ ಫ್ರೇಮ್ ಆಗಲೇ ಮುಗಿಸಿಬಿಡಿ.